ನಾಲ್ಕು ಊರಿನ ಕಚೇರಿ, ಒಂದೇ ಜಾಲ: ರೂಟರ್‌ಗಳು ತಮ್ಮತಮ್ಮಲ್ಲಿ ದಾರಿ ಹಂಚಿಕೊಳ್ಳುವಂತೆ ಮಾಡುವ ಸಮಗ್ರ ಮಾರ್ಗದರ್ಶಿ

ರೂಟರ್‌ಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳಲು ಬಳಸುವ ಓಎಸ್‌ಪಿಎಫ್ ಎಂಬ ರೂಟಿಂಗ್ ಪ್ರೋಟೋಕಾಲ್ (ಮಾತಾಡುವ ನಿಯಮಾವಳಿ) ಚಾಲೂ ಮಾಡಲು ಹತ್ತು ನಿಮಿಷ ಸಾಕು. ಯಾವ ರೂಟರ್ ಯಾರಿಗೆ ಏನು ಹೇಳಬೇಕು, ಯಾರ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂದು ತೀರ್ಮಾನಿಸಲು ಒಂದು ದಿನವೇ ಬೇಕಾಗಬಹುದು. ಆ ಒಂದು ದಿನವನ್ನು ಉಳಿಸಲು ಹೋದವರು ಆಮೇಲೆ ತಿಂಗಳುಗಟ್ಟಲೆ ‘ಲೈನ್ ಸ್ಲೋ ಇದೆ ಸಾರ್’ ಎಂಬ ಫೋನ್ ಕರೆಗಳಿಗೆ ಉತ್ತರ ಕೊಡುತ್ತಾ ಕೂರುತ್ತಾರೆ.

ಉದಾಹರಣೆಗೆ ಒಂದು ಕೊಬ್ಬರಿ ವ್ಯಾಪಾರದ ಸಂಸ್ಥೆ ಇದೆ ಎಂದುಕೊಳ್ಳಿ. ಮುಖ್ಯ ಕಚೇರಿ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ, ಖರೀದಿ ಕಚೇರಿ ತಿಪಟೂರಿನಲ್ಲಿ, ಗೋದಾಮು ಶಿರಾದಲ್ಲಿ, ಇನ್ನೊಂದು ಶಾಖೆ ಮಧುಗಿರಿಯಲ್ಲಿ. ಬಿಲ್ಲಿಂಗ್ ಸರ್ವರ್ ಇರುವುದು ತುಮಕೂರಿನಲ್ಲಿ. ತುಮಕೂರಿನಿಂದ ಶಿರಾಕ್ಕೂ ಮಧುಗಿರಿಗೂ ತಲಾ 100 ಎಂಬಿಪಿಎಸ್ ಲೀಸ್ಡ್ ಲೈನ್ (ಟೆಲಿಕಾಂ ಕಂಪನಿಯಿಂದ ಬಾಡಿಗೆಗೆ ಪಡೆದ ಮೀಸಲು ಲೈನ್), ತಿಪಟೂರಿಗೆ 50 ಎಂಬಿಪಿಎಸ್. ಶಿರಾ ಮತ್ತು ಮಧುಗಿರಿಯ ನಡುವೆ ಬೇರೊಂದು ಕಂಪನಿಯಿಂದ ತೆಗೆದುಕೊಂಡ 10 ಎಂಬಿಪಿಎಸ್ ಲೈನ್, ಆಪತ್ಕಾಲಕ್ಕೆ. ಮುಂದಿನ ಪ್ರತಿ ಹಂತವನ್ನೂ ಈ ಚಿತ್ರದ ಮೇಲೆಯೇ ನೋಡೋಣ.

ಕಮಾಂಡ್‌ಗಳನ್ನು ಸಿಸ್ಕೋ ಕಂಪನಿಯ ರೂಟರ್‌ಗಳ ಶೈಲಿಯಲ್ಲಿ ಹೇಳುತ್ತೇನೆ. ಉಚಿತವಾಗಿ ಸಿಗುವ ಎಫ್‌ಆರ್‌ರೂಟಿಂಗ್ ಎಂಬ ರೂಟರ್ ತಂತ್ರಾಂಶದಲ್ಲೂ ಹೆಚ್ಚುಕಡಿಮೆ ಅವೇ ನಡೆಯುತ್ತವೆ. ಒಂದು ಲ್ಯಾಪ್‌ಟಾಪ್‌ನಲ್ಲಿ ನಾಲ್ಕು ಲಿನಕ್ಸ್ ವರ್ಚುವಲ್ ಮೆಷಿನ್ ಎಬ್ಬಿಸಿಕೊಂಡರೆ ಈ ಇಡೀ ಜಾಲವನ್ನು ಮನೆಯಲ್ಲೇ ಕಟ್ಟಿ ಕೆಡವಬಹುದು. ಕಚೇರಿಯ ರೂಟರ್ ಮುಟ್ಟುವ ಮೊದಲು ಹಾಗೆ ಒಮ್ಮೆ ಮಾಡಿಯೇ ಮಾಡಿ.

ಕೈ ಹಾಕುವ ಮುನ್ನ: ರೂಟರ್ ದಾರಿ ಆರಿಸುವ ಕ್ರಮ

ರೂಟರ್‌ಗೆ ದಾರಿ ಗೊತ್ತಾಗುವುದು ಮೂರು ಮೂಲಗಳಿಂದ. ತನ್ನ ಪೋರ್ಟ್‌ಗೆ ನೇರ ಅಂಟಿಕೊಂಡ ಜಾಲಗಳು, ನಾವು ಕೈಯಾರೆ ಬರೆದ ಸ್ಟ್ಯಾಟಿಕ್ ರೂಟ್‌ಗಳು, ಮತ್ತು ಬೇರೆ ರೂಟರ್‌ಗಳು ರೂಟಿಂಗ್ ಪ್ರೋಟೋಕಾಲ್ ಮೂಲಕ ಹೇಳಿದವು. ಮೂರೂ ಕಡೆಯಿಂದ ಬೇರೆಬೇರೆ ಉತ್ತರ ಬಂದಾಗ ಏನು ಮಾಡುತ್ತದೆ ಎಂಬುದರಲ್ಲೇ ಅರ್ಧ ಗೊಂದಲ ಹುಟ್ಟುವುದು.

ಪ್ಯಾಕೆಟ್ (ಡೇಟಾದ ಒಂದು ತುಣುಕು) ಬಂದಾಗ ಮೊದಲು ನೋಡುವುದು ಪ್ರಿಫಿಕ್ಸ್‌ನ ಉದ್ದ, ಅಂದರೆ ಜಾಲದ ವಿಳಾಸದಲ್ಲಿ / ಗುರುತಿನ ನಂತರದ ಅಂಕಿ. ಅದು ದೊಡ್ಡದಾದಷ್ಟೂ ಜಾಲ ಚಿಕ್ಕದು, ದಾರಿ ನಿಖರ. 10.20.0.10 ಎಂಬ ವಿಳಾಸಕ್ಕೆ ರೂಟರ್‌ನ ದಾರಿಗಳ ಟೇಬಲ್‌ನಲ್ಲಿ 10.20.0.0/18, 10.20.0.0/24 ಎರಡೂ ಹೊಂದಿದರೆ /24 ಗೆಲ್ಲುತ್ತದೆ. ಅದು ಎಲ್ಲಿಂದ ಬಂತು, ಎಷ್ಟು ದೂರ ಎಂಬ ಪ್ರಶ್ನೆಯೇ ಏಳುವುದಿಲ್ಲ. ಒಂದೇ ಪ್ರಿಫಿಕ್ಸ್ ಎರಡು ಮೂಲಗಳಿಂದ ಬಂದಿದ್ದರೆ ಮಾತ್ರ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ ಲೆಕ್ಕಕ್ಕೆ ಬರುತ್ತದೆ. ಸಿಸ್ಕೋದಲ್ಲಿ ನೇರ ಜೋಡಣೆಗೆ 0, ಸ್ಟ್ಯಾಟಿಕ್‌ಗೆ 1, ಹೊರಗಿನ ಬಿಜಿಪಿಗೆ 20, ಓಎಸ್‌ಪಿಎಫ್‌ಗೆ 110, ರಿಪ್‌ಗೆ 120, ಒಳಗಿನ ಬಿಜಿಪಿಗೆ 200. ಕಡಿಮೆ ಅಂಕಿಗೆ ಹೆಚ್ಚು ನಂಬಿಕೆ. (ರಿಪ್, ಬಿಜಿಪಿ ಇನ್ನೆರಡು ರೂಟಿಂಗ್ ಪ್ರೋಟೋಕಾಲ್‌ಗಳು, ಮುಂದೆ ಬರುತ್ತವೆ.) ಒಂದೇ ಪ್ರೋಟೋಕಾಲ್ ಒಳಗೆ ಎರಡು ದಾರಿ ಇದ್ದರೆ ಕೊನೆಯದಾಗಿ ಮೆಟ್ರಿಕ್, ಅಂದರೆ ಆ ಪ್ರೋಟೋಕಾಲ್ ದಾರಿಯ ದೂರಕ್ಕೆ ಹಾಕುವ ಲೆಕ್ಕ.

ಈ ಕ್ರಮ ತಲೆಯಲ್ಲಿ ಕೂರದಿದ್ದರೆ ಏನಾಗುತ್ತದೆ ನೋಡಿ. ಶಿರಾ ಗೋದಾಮಿನಲ್ಲಿ ಲೀಸ್ಡ್ ಲೈನ್ ಜೊತೆಗೆ ಒಂದು 4ಜಿ ಬ್ಯಾಕಪ್ ಇಟ್ಟಿದ್ದೀರಿ. ಸರ್ವರ್ ಇರುವ 10.20.0.0/24 ಓಎಸ್‌ಪಿಎಫ್ ಮೂಲಕ ಬರುತ್ತಿದೆ. ಅದೇ /24ಕ್ಕೆ 4ಜಿ ಕಡೆ ಒಂದು ಸ್ಟ್ಯಾಟಿಕ್ ರೂಟ್ ಬರೆದು ಡಿಸ್ಟೆನ್ಸ್ 250 ಕೊಟ್ಟರೆ, ಓಎಸ್‌ಪಿಎಫ್ ಹೇಳಿದ ದಾರಿಗಳೆಲ್ಲ ಬಿದ್ದಾಗ ಮಾತ್ರ ಅದು ಎದ್ದು ಬರುತ್ತದೆ. ಇದು ಸರಿ. 250 ಬರೆಯುವುದನ್ನು ಮರೆತರೆ ಡಿಸ್ಟೆನ್ಸ್ 1 ಆಗಿ ಟ್ರಾಫಿಕ್ ಎಲ್ಲ ಸದಾ 4ಜಿಯಲ್ಲೇ ಹೋಗುತ್ತದೆ, ಲೀಸ್ಡ್ ಲೈನ್ ಬಾಡಿಗೆ ತಿನ್ನುತ್ತಾ ಮಲಗಿರುತ್ತದೆ. ಇನ್ನೂ ಜಾಣತನ ತೋರಿಸಿ 10.20.0.10/32 ಎಂದು ಸರ್ವರ್‌ಗೆ ಮಾತ್ರ ಸ್ಟ್ಯಾಟಿಕ್ ಬರೆದು 250 ಕೊಟ್ಟರೆ? ಆಗಲೂ 4ಜಿಯೇ ಗೆಲ್ಲುತ್ತದೆ. /32 ಉದ್ದ ಹೆಚ್ಚು, 250ನ್ನು ಕೇಳುವವರೇ ಇಲ್ಲ.

ಹಂತ 1: ವಿಳಾಸಗಳನ್ನು ಕಾಗದದ ಮೇಲೆ ಹಂಚಿ

ಒಳಜಾಲಕ್ಕೆಂದು ಮೀಸಲಿಟ್ಟ ವಿಳಾಸಗಳು 10.0.0.0/8, 172.16.0.0/12, 192.168.0.0/16. ಕೊನೆಯದನ್ನು ಬಿಡಿ. ಮನೆಯ ವೈಫೈ ರೂಟರ್‌ಗಳೆಲ್ಲ ಅದರಲ್ಲೇ ಇರುವುದರಿಂದ ಮನೆಯಿಂದ ವಿಪಿಎನ್‌ನಲ್ಲಿ ಬರುವವರಿಗೆ ಡಿಕ್ಕಿಯಾಗುತ್ತದೆ. ನಮ್ಮ ಉದಾಹರಣೆಗೆ ಹೀಗೆ:

ತುಮಕೂರು: 10.20.0.0/20
ತಿಪಟೂರು: 10.20.16.0/20
ಶಿರಾ: 10.20.32.0/20
ಮಧುಗಿರಿ: 10.20.48.0/20
ಊರೂರಿನ ನಡುವಿನ ಲೈನ್‌ಗಳು: 10.20.255.0/24ರಿಂದ ಒಂದೊಂದು /30
ರೂಟರ್‌ಗಳ ಲೂಪ್‌ಬ್ಯಾಕ್ (ಯಾವ ಪೋರ್ಟ್‌ಗೂ ಅಂಟದ, ರೂಟರ್‌ನದೇ ವಿಳಾಸ): 10.20.254.1ರಿಂದ 10.20.254.4

ಪ್ರತಿ ಊರಿನ /20 ಒಳಗೆ ಬಿಲ್ಲಿಂಗ್‌ಗೆ ಒಂದು /24, ಸಿಸಿಟಿವಿಗೆ ಒಂದು, ವೈಫೈಗೆ ಒಂದು. ನಾಲ್ಕು /20ಗಳು ಸೇರಿ ಸರಿಯಾಗಿ ಒಂದು /18 ಆಗುತ್ತವೆ. ಹಾಗಾಗಿ ನಾಳೆ ಇನ್ನೊಂದು ಸಂಸ್ಥೆಯ ಜಾಲಕ್ಕೋ ಫೈರ್‌ವಾಲ್‌ಗೋ ‘ನಮ್ಮ ಶಾಖೆಗಳೆಲ್ಲ 10.20.0.0/18’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ಸಿಕ್ಕ ಸಿಕ್ಕ ಕಡೆ 192.168.1, 192.168.5 ಎಂದು ಕೊಟ್ಟು ಬೆಳೆದ ಜಾಲಕ್ಕೆ ಈ ಸುಖವಿಲ್ಲ.

ಹಂತ 2: ಎಲ್ಲಿ ಪ್ರೋಟೋಕಾಲ್ ಬೇಡವೋ ಅಲ್ಲಿ ಹಾಕಬೇಡಿ

ತಿಪಟೂರಿಗೆ ಇರುವುದು ಒಂದೇ ಲೈನ್. ಅದು ಹೋದರೆ ಬೇರೆ ದಾರಿಯಿಲ್ಲ. ಹಾಗಿರುವಾಗ ಪ್ರೋಟೋಕಾಲ್ ಹಾಕಿ ಅದು ಕಂಡುಹಿಡಿಯಬೇಕಾದದ್ದಾದರೂ ಏನು? ತಿಪಟೂರಿನ ರೂಟರ್‌ನಲ್ಲಿ ಡಿಫಾಲ್ಟ್ ರೂಟ್ 0.0.0.0/0 (ಬೇರೆ ದಾರಿ ಗೊತ್ತಿಲ್ಲದ್ದಕ್ಕೆಲ್ಲ ಇದೇ ದಾರಿ) ತುಮಕೂರಿನ ಕಡೆಗೆ, ತುಮಕೂರಿನ ರೂಟರ್‌ನಲ್ಲಿ 10.20.16.0/20 ತಿಪಟೂರಿನ ಕಡೆಗೆ. ಎರಡೇ ಸಾಲು.

ಆದರೆ ಇಲ್ಲೊಂದು ಗುಂಡಿ ಇದೆ, ಹೆಚ್ಚಿನವರು ಅದನ್ನು ಮುಚ್ಚುವುದಿಲ್ಲ. ತಿಪಟೂರಿಗೆಂದು ಇಡೀ /20 ಕೊಟ್ಟಿದ್ದೀರಿ, ಬಳಸುತ್ತಿರುವುದು ಮೂರು /24 ಮಾತ್ರ. ಯಾವುದೋ ವೈರಸ್ ಹಿಡಿದ ಕಂಪ್ಯೂಟರ್ ಅಥವಾ ಸ್ಕ್ಯಾನರ್ 10.20.25.7 ಎಂಬ ಇಲ್ಲದ ವಿಳಾಸಕ್ಕೆ ಪ್ಯಾಕೆಟ್ ಕಳಿಸಿತು. ತುಮಕೂರು ಅದನ್ನು ತಿಪಟೂರಿಗೆ ದೂಡುತ್ತದೆ. ತಿಪಟೂರಿನಲ್ಲಿ ಆ ಜಾಲವಿಲ್ಲ, ಡಿಫಾಲ್ಟ್ ರೂಟ್ ಇದೆ, ಅದು ವಾಪಸ್ ತುಮಕೂರಿಗೆ ದೂಡುತ್ತದೆ. ಪ್ಯಾಕೆಟ್‌ನ ಟಿಟಿಎಲ್ (ಪ್ರತಿ ರೂಟರ್ ದಾಟಿದಾಗ ಒಂದೊಂದು ಕಡಿಮೆಯಾಗುವ ಎಣಿಕೆ) ಸೊನ್ನೆಗೆ ಇಳಿಯುವವರೆಗೆ ಇದೇ ಆಟ. ಟಿಟಿಎಲ್ 64ರಿಂದ ಹೊರಟ ಒಂದೊಂದು ಪ್ಯಾಕೆಟ್ ಅದೇ ಲೈನ್ ಮೇಲೆ ಅರವತ್ತರ ಹತ್ತಿರ ಸಲ ಓಡಾಡುತ್ತದೆ, 50 ಎಂಬಿಪಿಎಸ್ ಲೈನ್ ಸುಮ್ಮನೆ ತುಂಬಿಹೋಗುತ್ತದೆ. ಪರಿಹಾರ ಸುಲಭ: ತಿಪಟೂರಿನ ರೂಟರ್‌ನಲ್ಲಿ 10.20.16.0/20ಕ್ಕೆ ನಲ್ ಇಂಟರ್‌ಫೇಸ್ (ಬಂದದ್ದನ್ನೆಲ್ಲ ಎಸೆಯುವ ಹುಸಿ ಪೋರ್ಟ್) ಕಡೆ ಒಂದು ಸ್ಟ್ಯಾಟಿಕ್ ರೂಟ್ ಬರೆಯಿರಿ. ಇರುವ /24ಗಳು ಉದ್ದದಲ್ಲಿ ಗೆದ್ದು ಎಂದಿನಂತೆ ನಡೆಯುತ್ತವೆ, ಇಲ್ಲದವು ಅಲ್ಲೇ ಸಾಯುತ್ತವೆ.

ಹಂತ 3: ಪ್ರೋಟೋಕಾಲ್ ಆರಿಸಿ

ಶಿರಾ, ಮಧುಗಿರಿ, ತುಮಕೂರು ಮೂರೂ ಸೇರಿ ಒಂದು ತ್ರಿಕೋನ. ಇಲ್ಲಿ ಒಂದು ಲೈನ್ ಬಿದ್ದರೆ ಇನ್ನೊಂದು ದಾರಿ ಇದೆ, ಆದ್ದರಿಂದ ರೂಟರ್‌ಗಳು ತಾವೇ ಮಾತಾಡಿಕೊಳ್ಳಬೇಕು.

ಹಳೆಯದು ರಿಪ್. 1988ರಲ್ಲಿ ಅದರ ನಿಯಮಗಳು ಮೊದಲು ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ) ರೂಪದಲ್ಲಿ ಬಂದವು, ಎರಡನೇ ಆವೃತ್ತಿ ಈಗಿನ ರೂಪಕ್ಕೆ ಬಂದದ್ದು 1998ರಲ್ಲಿ. ಪ್ರತಿ ರೂಟರ್ ತನ್ನ ಟೇಬಲ್ಲನ್ನು 30 ಸೆಕೆಂಡಿಗೊಮ್ಮೆ ಪಕ್ಕದವರಿಗೆ ಹೇಳುತ್ತದೆ. ಪಕ್ಕದವರು ಅದಕ್ಕೆ ಒಂದು ಹಾಪ್ (ರೂಟರ್‌ನಿಂದ ರೂಟರ್‌ಗೆ ಒಂದು ಜಿಗಿತ) ಸೇರಿಸಿ ತಮ್ಮ ಪಕ್ಕದವರಿಗೆ ದಾಟಿಸುತ್ತಾರೆ. ಎಲ್ಲವೂ ಅಂತೆಕಂತೆಯ ವ್ಯವಹಾರ. ದೂರದ ಜಾಲ ನಿಜವಾಗಿ ಹೇಗಿದೆ ಎಂದು ಯಾರೂ ಕಂಡಿರುವುದಿಲ್ಲ. 15 ಹಾಪ್ ದಾಟಿದರೆ, ಅಂದರೆ 16 ಆದರೆ, ತಲುಪಲಾಗದು ಎಂದರ್ಥ. ಸುದ್ದಿ ನಿಂತ ದಾರಿಯನ್ನು ಸತ್ತಿದೆ ಎಂದು ಪರಿಗಣಿಸಲು ರಿಪ್ 180 ಸೆಕೆಂಡು ಕಾಯುತ್ತದೆ. ಬಿಲ್ಲಿಂಗ್ ಕೌಂಟರ್ ಮುಂದೆ ರೈತರು ಸಾಲುಗಟ್ಟಿರುವಾಗ ಮೂರು ನಿಮಿಷ ಸಣ್ಣ ಹೊತ್ತಲ್ಲ.

ಅದಕ್ಕಿಂತ ದೊಡ್ಡ ದೋಷ ಬೇರೆ ಇದೆ. ರಿಪ್ ಎಣಿಸುವುದು ಹಾಪ್‌ಗಳನ್ನು, ಲೈನಿನ ಅಗಲವನ್ನಲ್ಲ. ಶಿರಾದಿಂದ ಮಧುಗಿರಿಗೆ ನೇರ ಲೈನ್ ಇದೆಯಲ್ಲ, ಅದು ಒಂದೇ ಹಾಪ್ ಹತ್ತಿರ. ಹಾಗಾಗಿ ರಿಪ್ ಎಲ್ಲವನ್ನೂ ಆ ಬಡ 10 ಎಂಬಿಪಿಎಸ್ ಲೈನಿಗೇ ತುರುಕುತ್ತದೆ. ಎರಡೆರಡು 100 ಎಂಬಿಪಿಎಸ್ ಲೈನ್ ತುಮಕೂರಿನ ಮೂಲಕ ಖಾಲಿ ಬಿದ್ದಿರುತ್ತವೆ.

ಓಎಸ್‌ಪಿಎಫ್ ಹಾಗಲ್ಲ. ಪ್ರತಿ ರೂಟರ್ ತನ್ನ ಪೋರ್ಟ್‌ಗಳು, ಅವುಗಳ ಕಾಸ್ಟ್, ತನ್ನ ನೆರೆಯ ರೂಟರ್‌ಗಳು ಇಷ್ಟನ್ನು ಮಾತ್ರ ಎಲ್‌ಎಸ್‌ಎ ಎಂಬ ಪತ್ರದಲ್ಲಿ ಬರೆಯುತ್ತದೆ, ಆ ಪತ್ರ ಏನೂ ಬದಲಾಗದೆ ಏರಿಯಾದ (ಒಂದೇ ನಕ್ಷೆ ಹಂಚಿಕೊಳ್ಳುವ ರೂಟರ್‌ಗಳ ಗುಂಪಿನ) ಎಲ್ಲರಿಗೂ ತಲುಪುತ್ತದೆ. ಎಲ್ಲರ ಬಳಿಯೂ ಒಂದೇ ನಕ್ಷೆ. ಅದರ ಮೇಲೆ ಪ್ರತಿಯೊಬ್ಬರೂ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಕಡಿಮೆ ಕಾಸ್ಟಿನ ದಾರಿಯನ್ನು ತಾವೇ ಲೆಕ್ಕ ಹಾಕುತ್ತಾರೆ. ಏನೂ ಬದಲಾಗದಿದ್ದರೂ ಪತ್ರವನ್ನು 30 ನಿಮಿಷಕ್ಕೊಮ್ಮೆ ನವೀಕರಿಸುತ್ತಾರೆ, ಬದಲಾದರೆ ಕೂಡಲೇ ಹೊಸದು ಹೊರಡುತ್ತದೆ.

ಸಿಸ್ಕೋದ ಇಐಜಿಆರ್‌ಪಿ ಎಂಬ ಪ್ರೋಟೋಕಾಲ್ ಕೂಡ ಒಳ್ಳೆಯದೇ. ಆದರೆ ಶಾಖೆಯೊಂದಕ್ಕೆ ನಾಳೆ ಬೇರೆ ಕಂಪನಿಯ ರೂಟರ್ ತಂದರೆ ತಕರಾರು ಶುರು. ನನ್ನ ಮಟ್ಟಿಗೆ ಇಂಥ ಜಾಲಕ್ಕೆ ಓಎಸ್‌ಪಿಎಫ್ ಬಿಟ್ಟು ಬೇರೆ ಯೋಚನೆ ಬೇಡ.

ಹಂತ 4: ಓಎಸ್‌ಪಿಎಫ್ ಚಾಲೂ ಮಾಡಿ

ತುಮಕೂರಿನ ರೂಟರ್‌ನಲ್ಲಿ ಮೊದಲ ಭಾಗ:

ರೂಟರ್ ಓಎಸ್‌ಪಿಎಫ್ 1
ರೂಟರ್-ಐಡಿ 10.20.254.1
ಆಟೋ-ಕಾಸ್ಟ್ ರೆಫರೆನ್ಸ್-ಬ್ಯಾಂಡ್‌ವಿಡ್ತ್ 10000
ಪ್ಯಾಸಿವ್-ಇಂಟರ್‌ಫೇಸ್ ಡಿಫಾಲ್ಟ್

ರೂಟರ್-ಐಡಿಯನ್ನು ಕೈಯಾರೆ ಕೊಡಿ, ಲೂಪ್‌ಬ್ಯಾಕ್ ವಿಳಾಸವನ್ನೇ. ಕೊಡದಿದ್ದರೆ ರೂಟರ್ ತಾನೇ ಯಾವುದನ್ನೋ ಆರಿಸಿಕೊಳ್ಳುತ್ತದೆ. ಒಂದು ರೂಟರ್‌ನ ಕಾನ್ಫಿಗರೇಷನ್ ನಕಲು ಮಾಡಿ ಇನ್ನೊಂದಕ್ಕೆ ಹಾಕುವಾಗ ಇದೊಂದು ಸಾಲು ಬದಲಿಸಲು ಮರೆತರೆ ಇಬ್ಬರಿಗೂ ಒಂದೇ ಐಡಿಯಾಗಿ ರೂಟ್‌ಗಳು ಬಂದು ಹೋಗಿ ಮಾಡುತ್ತವೆ.

ರೆಫರೆನ್ಸ್ ಸಾಲು ಏಕೆ? ಕಾಸ್ಟ್ ಅಂದರೆ ರೆಫರೆನ್ಸ್ ವೇಗವನ್ನು ಪೋರ್ಟ್ ವೇಗದಿಂದ ಭಾಗಿಸಿದ್ದು. ಹಳೆಯ ಡಿಫಾಲ್ಟ್ ರೆಫರೆನ್ಸ್ 100 ಎಂಬಿಪಿಎಸ್. ಅದರಲ್ಲಿ 100 ಎಂಬಿಪಿಎಸ್ ಪೋರ್ಟ್‌ಗೂ 1 ಜಿಬಿಪಿಎಸ್ ಪೋರ್ಟ್‌ಗೂ ಕಾಸ್ಟ್ 1 ಎಂದೇ ಬರುತ್ತದೆ. 10000 ಕೊಟ್ಟರೆ 1 ಜಿಬಿಪಿಎಸ್‌ಗೆ 10, 100 ಎಂಬಿಪಿಎಸ್‌ಗೆ 100, 10 ಎಂಬಿಪಿಎಸ್‌ಗೆ 1000. ಎಲ್ಲ ರೂಟರ್‌ಗಳಲ್ಲೂ ಒಂದೇ ಅಂಕಿ ಇರಬೇಕು.

ಇಷ್ಟು ಮಾಡಿಯೂ ಕೆಲಸ ಮುಗಿಯಲಿಲ್ಲ. ಲೀಸ್ಡ್ ಲೈನ್ 10 ಎಂಬಿಪಿಎಸ್ ಇರಬಹುದು, ಆದರೆ ಕಂಪನಿಯವರ ಪೆಟ್ಟಿಗೆಯಿಂದ ನಿಮ್ಮ ರೂಟರ್‌ಗೆ ಬರುವ ಕೇಬಲ್ ಗಿಗಾಬಿಟ್ ಪೋರ್ಟ್‌ಗೆ ಕೂತಿರುತ್ತದೆ. ರೂಟರ್ ಪಾಪ ಅದನ್ನು 1 ಜಿಬಿಪಿಎಸ್ ಎಂದೇ ನಂಬಿ ಕಾಸ್ಟ್ 10 ಎಂದು ಜಗತ್ತಿಗೆ ಸಾರುತ್ತದೆ. ಆದ್ದರಿಂದ ಊರೂರಿನ ನಡುವಿನ ಪ್ರತಿ ಲೈನಿಗೂ ಕಾಸ್ಟನ್ನು ಕೈಯಾರೆ ಬರೆಯಿರಿ. ಲೈನಿನ ಪೋರ್ಟ್ ಒಳಗೆ:

ಐಪಿ ಓಎಸ್‌ಪಿಎಫ್ 1 ಏರಿಯಾ 0
ಐಪಿ ಓಎಸ್‌ಪಿಎಫ್ ನೆಟ್‌ವರ್ಕ್ ಪಾಯಿಂಟ್-ಟು-ಪಾಯಿಂಟ್
ಐಪಿ ಓಎಸ್‌ಪಿಎಫ್ ಕಾಸ್ಟ್ 100

ಎಫ್‌ಆರ್‌ರೂಟಿಂಗ್‌ನಲ್ಲಿ ಪ್ರೊಸೆಸ್ ಸಂಖ್ಯೆ 1 ಬೇಕಿಲ್ಲ. ಶಿರಾ–ಮಧುಗಿರಿ ಲೈನಿನ ಎರಡೂ ತುದಿಗೆ 1000 ಕೊಡಿ. ಒಂದೇ ತುದಿಗೆ ಕೊಟ್ಟರೆ ಹೋಗುವುದು ಒಂದು ದಾರಿ, ಬರುವುದು ಇನ್ನೊಂದು ದಾರಿಯಾಗಿ ಮಧ್ಯದ ಫೈರ್‌ವಾಲ್‌ಗಳು ಸಿಟ್ಟಾಗುತ್ತವೆ. ಈಗ ಶಿರಾದಿಂದ ಮಧುಗಿರಿಯ ಒಳಜಾಲಕ್ಕೆ ತುಮಕೂರಿನ ಮೂಲಕ 100+100+10, ಅಂದರೆ 210. ನೇರ ಹೋದರೆ 1010. ರಿಪ್ ತಪ್ಪಿದ ಕಡೆ ಓಎಸ್‌ಪಿಎಫ್ ಸರಿಹೋಯಿತು.

ಪಾಯಿಂಟ್-ಟು-ಪಾಯಿಂಟ್ ಸಾಲಿನ ಕಾರಣ ಇದು: ಈಥರ್‌ನೆಟ್ ಪೋರ್ಟ್ ಕಂಡರೆ ಓಎಸ್‌ಪಿಎಫ್ ಅಲ್ಲಿ ಬಹಳ ಜನ ರೂಟರ್‌ಗಳಿರಬಹುದು ಎಂದುಕೊಂಡು ಮುಖಂಡನ ಚುನಾವಣೆ ನಡೆಸುತ್ತದೆ, ಅದಕ್ಕೆ 40 ಸೆಕೆಂಡು ಕಾಯುತ್ತದೆ. ಇಬ್ಬರೇ ಇರುವ ಲೈನಿನಲ್ಲಿ ಚುನಾವಣೆ ಯಾಕೆ?

‘ಪ್ಯಾಸಿವ್-ಇಂಟರ್‌ಫೇಸ್ ಡಿಫಾಲ್ಟ್’ ಹಾಕಿದ್ದರಿಂದ ಯಾವ ಪೋರ್ಟ್‌ನಲ್ಲೂ ನೆರೆಯ ರೂಟರನ್ನು ಹುಡುಕುವ ಹಲೋ ಪ್ಯಾಕೆಟ್ ಹೋಗುವುದಿಲ್ಲ. ಊರೂರಿನ ಲೈನ್ ಇರುವ ಪೋರ್ಟ್‌ಗಳಿಗೆ ಮಾತ್ರ ಪ್ಯಾಸಿವ್ ತೆಗೆಯಿರಿ. ಕಚೇರಿಯೊಳಗಿನ ಜಾಲಗಳನ್ನೂ ಏರಿಯಾ 0ಕ್ಕೆ ಸೇರಿಸಿ, ಆದರೆ ಅಲ್ಲಿ ಪ್ಯಾಸಿವ್ ಹಾಗೇ ಇರಲಿ. ಆಗ ಆ ಜಾಲದ ಸುದ್ದಿ ಹೊರಗೆ ಹೋಗುತ್ತದೆ, ಆದರೆ ಮೂಲೆಯ ಟೇಬಲ್ ಕೆಳಗೆ ಯಾರೋ ಚುಚ್ಚಿದ ಪೆಟ್ಟಿಗೆ ನಿಮ್ಮ ರೂಟರ್ ಜೊತೆ ನೆಂಟಸ್ತನ ಬೆಳೆಸಲಾಗದು. ಲೈನ್‌ಗಳ ಮೇಲೆ ಪಾಸ್‌ವರ್ಡ್ ದೃಢೀಕರಣವೂ ಇರಲಿ. ರೂಟರ್ ಒಪ್ಪಿದರೆ ಎಂಡಿ5 ಬದಲು ಎಸ್‌ಎಚ್‌ಎ.

ತಿಪಟೂರಿನ ಸ್ಟ್ಯಾಟಿಕ್ ರೂಟ್ ಶಿರಾ, ಮಧುಗಿರಿಗೂ ಗೊತ್ತಾಗಬೇಕಲ್ಲ? ತುಮಕೂರಿನಲ್ಲಿ ‘ರೀಡಿಸ್ಟ್ರಿಬ್ಯೂಟ್ ಸ್ಟ್ಯಾಟಿಕ್’ ಹಾಕಿ, ಜೊತೆಗೆ ರೂಟ್-ಮ್ಯಾಪ್ (ಯಾವ ರೂಟ್ ಬಿಡಬೇಕೆಂದು ಹೇಳುವ ಫಿಲ್ಟರ್) ಕಟ್ಟಿ 10.20.16.0/20 ಒಂದನ್ನೇ ಬಿಡಿ. ರೂಟ್-ಮ್ಯಾಪ್ ಇಲ್ಲದೆ ಹಾಕಿದರೆ ಪರೀಕ್ಷೆಗೆಂದು ಎಂದೋ ಬರೆದ ಹಾಳುಮೂಳು ಸ್ಟ್ಯಾಟಿಕ್‌ಗಳೆಲ್ಲ ಜಾಲದ ತುಂಬ ಹರಡುತ್ತವೆ.

ಏರಿಯಾ 1, ಏರಿಯಾ 2 ಎಂದು ವಿಂಗಡಿಸುವ ಆಸೆ ಬರುತ್ತದೆ. ಈ ಅಳತೆಯ ಜಾಲಕ್ಕೆ ಏರಿಯಾ 0 ಒಂದೇ ಸಾಕು. ಐಪಿವಿ6 ಇದ್ದರೆ ಓಎಸ್‌ಪಿಎಫ್‌ನ ಮೂರನೇ ಆವೃತ್ತಿ ಬೇಕು, ತತ್ವ ಇದೇ.

ಹಂತ 5: ನೆರೆಯವರು ಮಾತಾಡದಿದ್ದರೆ

‘ಶೋ ಐಪಿ ಓಎಸ್‌ಪಿಎಫ್ ನೇಬರ್’ ಕೊಡಿ. ಪಾಯಿಂಟ್-ಟು-ಪಾಯಿಂಟ್ ಲೈನಿನಲ್ಲಿ ಕಾಣಬೇಕಾದ ಸ್ಥಿತಿ ಫುಲ್.

ಪಟ್ಟಿಯೇ ಖಾಲಿ ಇದ್ದರೆ ಮೊದಲು ಪಿಂಗ್ ಮಾಡಿ. ಪಿಂಗ್ ಹೋಗುತ್ತಿದ್ದರೆ ಹಲೋ ಸಮಯ (ಡಿಫಾಲ್ಟ್ 10 ಸೆಕೆಂಡು), ಡೆಡ್ ಸಮಯ (40 ಸೆಕೆಂಡು), ಏರಿಯಾ ಸಂಖ್ಯೆ, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇವೆಯೇ ನೋಡಿ. ಮಧ್ಯದ ಫೈರ್‌ವಾಲ್ ಐಪಿ ಪ್ರೋಟೋಕಾಲ್ 89ನ್ನು ತಡೆದಿರಬಹುದು. ಓಎಸ್‌ಪಿಎಫ್ ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ, ಹಾಗಾಗಿ ‘ಪೋರ್ಟ್ ಓಪನ್ ಮಾಡಿ’ ಎಂದು ಕೇಳಿ ಪ್ರಯೋಜನವಿಲ್ಲ. ಇನಿಟ್ ಎಂಬ ಸ್ಥಿತಿಯಲ್ಲಿ ನಿಂತರೆ ನಿಮ್ಮ ಹಲೋ ಆಚೆಯವರಿಗೆ ತಲುಪುತ್ತಿಲ್ಲ.

ಎಕ್ಸ್‌ಸ್ಟಾರ್ಟ್ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಹತ್ತರಲ್ಲಿ ಒಂಬತ್ತು ಸಲ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) ವ್ಯತ್ಯಾಸ. ಒಂದು ಕಡೆ 1500, ಇನ್ನೊಂದು ಕಡೆ 1476 ಇರುತ್ತದೆ. ಎಂಟಿಯು ತಪಾಸಣೆಯನ್ನೇ ಬಿಟ್ಟುಬಿಡುವ ಕಮಾಂಡ್ ಒಂದಿದೆ. ಅದನ್ನು ಹಾಕಿದರೆ ನೆರೆತನ ಕುದುರುತ್ತದೆ, ದೊಡ್ಡ ಪ್ಯಾಕೆಟ್‌ಗಳು ಮಾತ್ರ ಕಾಣದಂತೆ ಸಾಯುತ್ತವೆ. ಎಂಟಿಯುವನ್ನೇ ಸರಿಪಡಿಸಿ.

ಎಲ್ಲಕ್ಕಿಂತ ಸತಾಯಿಸುವುದು ಇದು: ಸ್ಥಿತಿ ಫುಲ್, ಆದರೆ ರೂಟ್‌ಗಳೇ ಬರುತ್ತಿಲ್ಲ. ಒಂದು ತುದಿ ಪಾಯಿಂಟ್-ಟು-ಪಾಯಿಂಟ್, ಇನ್ನೊಂದು ತುದಿ ಡಿಫಾಲ್ಟ್ ಬ್ರಾಡ್‌ಕಾಸ್ಟ್ ಆಗಿದ್ದರೆ ಹೀಗಾಗುತ್ತದೆ. ಹಲೋ ಸಮಯ ಎರಡಕ್ಕೂ ಒಂದೇ ಆದ್ದರಿಂದ ಮಾತುಕತೆ ನಡೆಯುತ್ತದೆ, ನಕ್ಷೆ ಮಾತ್ರ ಹೊಂದುವುದಿಲ್ಲ.

ಹಂತ 6: ಲೈನ್ ಯಾವ ಬಗೆಯದು ಎಂದು ಕೇಳಿ

ಊರೂರಿನ ನಡುವೆ ಕಂಪನಿಗಳು ಕೊಡುವುದು ಹೆಚ್ಚಾಗಿ ಮೂರು ಬಗೆ. ಮೊದಲನೆಯದು ಲೇಯರ್ 2 ಲೈನ್: ಎರಡು ತುದಿಯ ನಡುವೆ ಉದ್ದನೆಯ ಈಥರ್‌ನೆಟ್ ಕೇಬಲ್ ಇದ್ದಂತೆ. ಈವರೆಗೆ ಹೇಳಿದ್ದೆಲ್ಲ ಅದಕ್ಕೆ ನೇರ ಹೊಂದುತ್ತದೆ.

ಎರಡನೆಯದು ಸಾಮಾನ್ಯ ಬ್ರಾಡ್‌ಬ್ಯಾಂಡ್ ಮೇಲೆ ಟನಲ್, ಅಂದರೆ ನಮ್ಮ ಪ್ಯಾಕೆಟ್‌ಗಳನ್ನು ಇನ್ನೊಂದು ಪ್ಯಾಕೆಟ್‌ನೊಳಗೆ ಇಟ್ಟು ಸಾಗಿಸುವುದು. ಓಎಸ್‌ಪಿಎಫ್ ಹಲೋಗಳು 224.0.0.5 ಎಂಬ ಮಲ್ಟಿಕಾಸ್ಟ್ (ಒಮ್ಮೆಗೇ ಹಲವರಿಗೆ ತಲುಪುವ) ವಿಳಾಸಕ್ಕೆ ಹೋಗುತ್ತವೆ. ಹಳೆಯ ಮಾದರಿಯ ಬರಿಯ ಐಪಿಸೆಕ್ (ಗೂಢಲಿಪಿಯ ಹೊದಿಕೆ) ಅದನ್ನು ಸಾಗಿಸುವುದಿಲ್ಲ. ಜಿಆರ್‌ಇ ಎಂಬ ಬಗೆಯ ಟನಲ್ ಮಾಡಿ ಅದರ ಮೇಲೆ ಐಪಿಸೆಕ್ ಹೊದಿಸಿ. ಜಿಆರ್‌ಇ 24 ಬೈಟ್ ತಿನ್ನುತ್ತದೆ, ಮೇಲೆ ಹೇಳಿದ 1476 ಬಂದದ್ದು ಅಲ್ಲಿಂದಲೇ. ಐಪಿಸೆಕ್ ಇನ್ನಷ್ಟು ತಿನ್ನುವುದರಿಂದ ಎರಡೂ ತುದಿಗೆ 1400 ಕೊಟ್ಟು ನೆಮ್ಮದಿಯಾಗಿರುವುದು ವಾಸಿ. ಒಂದು ಎಚ್ಚರ: ಟನಲ್‌ನ ಆಚೆ ತುದಿಯ ಪಬ್ಲಿಕ್ ವಿಳಾಸಕ್ಕೆ ದಾರಿ ಟನಲ್ ಮೂಲಕವೇ ಎಂದು ಓಎಸ್‌ಪಿಎಫ್ ಹೇಳಿಬಿಟ್ಟರೆ ಟನಲ್ ತನ್ನನ್ನು ತಾನೇ ನುಂಗಿ ಬೀಳುತ್ತದೆ, ಮತ್ತೆ ಏಳುತ್ತದೆ, ಮತ್ತೆ ಬೀಳುತ್ತದೆ. ಆ ಒಂದು ವಿಳಾಸಕ್ಕೆ ಬ್ರಾಡ್‌ಬ್ಯಾಂಡ್ ಕಡೆ /32 ಸ್ಟ್ಯಾಟಿಕ್ ರೂಟ್ ಬರೆದಿಡಿ.

ಮೂರನೆಯದು ಎಂಪಿಎಲ್‌ಎಸ್ ಲೇಯರ್ 3 ವಿಪಿಎನ್. ಇದರಲ್ಲಿ ನಿಮ್ಮ ರೂಟರ್ ಮಾತಾಡುವುದು ಆಚೆ ಊರಿನ ನಿಮ್ಮದೇ ರೂಟರ್ ಜೊತೆಗಲ್ಲ, ಕಂಪನಿಯ ರೂಟರ್ ಜೊತೆ, ಅದೂ ಸಾಮಾನ್ಯವಾಗಿ ಬಿಜಿಪಿಯಲ್ಲಿ. ಅದಕ್ಕೆ ಮುಂದಿನ ಹಂತ.

ಲೈನ್ ಯಾವುದೇ ಆಗಲಿ, ರಸ್ತೆ ಅಗಲಿಸುವ ಜೆಸಿಬಿ ನಡುದಾರಿಯಲ್ಲಿ ಫೈಬರ್ ಕಿತ್ತಾಗ ನಿಮ್ಮ ಪೋರ್ಟ್‌ನ ಹಸಿರು ದೀಪ ಆರುವುದೇ ಇಲ್ಲ, ಏಕೆಂದರೆ ಕಂಪನಿಯ ಪೆಟ್ಟಿಗೆ ನಿಮ್ಮ ಕೋಣೆಯಲ್ಲೇ ಜೀವಂತವಾಗಿದೆ. ಓಎಸ್‌ಪಿಎಫ್ 40 ಸೆಕೆಂಡು ಕಾದು ನಂತರ ದಾರಿ ಬದಲಿಸುತ್ತದೆ. ಬೇಗ ಆಗಬೇಕಾದರೆ ಬಿಎಫ್‌ಡಿ (ಲೈನ್ ಜೀವಂತವಿದೆಯೇ ಎಂದು ಪದೇಪದೇ ಪರೀಕ್ಷಿಸುವ ವ್ಯವಸ್ಥೆ) ಹಾಕಿ. 300 ಮಿಲಿಸೆಕೆಂಡಿಗೊಂದರಂತೆ ಮೂರು ಪ್ಯಾಕೆಟ್ ತಪ್ಪಿದರೆ ಒಂದು ಸೆಕೆಂಡಿನೊಳಗೆ ಗೊತ್ತಾಗುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಮಳೆ ಬಂದರೆ ಪ್ಯಾಕೆಟ್ ಬೀಳಿಸುವ ಲೈನಿನಲ್ಲಿ ಅಷ್ಟು ಅವಸರ ಮಾಡಿದರೆ ದಾರಿ ದಿನವಿಡೀ ಅತ್ತಿಂದಿತ್ತ ಹೊಯ್ದಾಡುತ್ತದೆ. ಒಂದು ಸೆಕೆಂಡಿನಂತೆ ಮೂರು ಇಡಿ, ಸಾಕು.

ಹಂತ 7: ಹೊರಗಿನವರ ಜೊತೆ ಬಿಜಿಪಿ

ಓಎಸ್‌ಪಿಎಫ್‌ನಲ್ಲಿ ಎಲ್ಲರೂ ಮನೆಯವರು, ಮುಚ್ಚುಮರೆಯಿಲ್ಲ. ಬಿಜಿಪಿ ಬೇರೆಯವರ ಜೊತೆಗಿನ ವ್ಯವಹಾರ. ಇದು ಮೊದಲು ಬಂದದ್ದು 1989ರಲ್ಲಿ, ಈಗ ಇಡೀ ಇಂಟರ್ನೆಟ್ ನಿಂತಿರುವುದು ಇದರ ನಾಲ್ಕನೇ ಆವೃತ್ತಿಯ ಮೇಲೆ. ಟಿಸಿಪಿ ಪೋರ್ಟ್ 179ರಲ್ಲಿ, ಕೈಯಾರೆ ಹೆಸರಿಸಿದ ನೆರೆಯವರ ಜೊತೆ ಮಾತ್ರ ಮಾತು. ಪ್ರತಿ ರೂಟ್ ಜೊತೆಗೂ ಅದು ದಾಟಿ ಬಂದ ಎಎಸ್ ಸಂಖ್ಯೆಗಳ (ಒಂದೊಂದು ಸಂಸ್ಥೆಯ ಜಾಲದ ಗುರುತಿನ ಸಂಖ್ಯೆ) ಸರಪಳಿ ಇರುತ್ತದೆ. ಆ ಸರಪಳಿಯಲ್ಲಿ ತನ್ನದೇ ಸಂಖ್ಯೆ ಕಂಡರೆ ರೂಟರ್ ಅದನ್ನು ಎಸೆಯುತ್ತದೆ, ಸುತ್ತು ತಪ್ಪುವುದು ಹಾಗೆ.

ಮೊದಲ ಪ್ರಶ್ನೆ, ನಿಮಗೆ ಇದು ಬೇಕೇ? ತುಮಕೂರಿನಲ್ಲಿ ಎರಡು ಬ್ರಾಡ್‌ಬ್ಯಾಂಡ್ ಇದ್ದ ಮಾತ್ರಕ್ಕೆ ಬೇಡ. ನ್ಯಾಟ್ (ಒಳಜಾಲದ ವಿಳಾಸಗಳನ್ನು ಪಬ್ಲಿಕ್ ವಿಳಾಸಕ್ಕೆ ಬದಲಿಸುವುದು) ಮತ್ತು ಹೆಚ್ಚಿನ ಡಿಸ್ಟೆನ್ಸಿನ ಎರಡನೇ ಡಿಫಾಲ್ಟ್ ರೂಟ್ ಸಾಕು. ನಿಮ್ಮದೇ ಪಬ್ಲಿಕ್ ವಿಳಾಸ ಮತ್ತು ಎಎಸ್ ಸಂಖ್ಯೆಯನ್ನು ಭಾರತದಲ್ಲಿ ಅವನ್ನು ಹಂಚುವ ಐಆರ್‌ಐಎನ್‌ಎನ್‌ನಿಂದ ಪಡೆದಿದ್ದರೆ, ಅಥವಾ ಎಂಪಿಎಲ್‌ಎಸ್ ಕಂಪನಿ ಕೇಳಿದರೆ ಬೇಕು. ಎಂಪಿಎಲ್‌ಎಸ್‌ಗೆ 64512ರಿಂದ 65534ರವರೆಗಿನ ಖಾಸಗಿ ಸಂಖ್ಯೆಗಳಲ್ಲಿ ಪ್ರತಿ ಊರಿಗೂ ಬೇರೆಬೇರೆ ಒಂದೊಂದು ಇಟ್ಟುಕೊಳ್ಳಿ. ಎಲ್ಲ ಊರಿಗೂ 65001 ಎಂದೇ ಕೊಟ್ಟರೆ ಶಿರಾದ ರೂಟ್ ಮಧುಗಿರಿಗೆ ತಲುಪಿದಾಗ ಸರಪಳಿಯಲ್ಲಿ ತನ್ನ ಸಂಖ್ಯೆ ಕಂಡು ಮಧುಗಿರಿ ಅದನ್ನು ಎಸೆಯುತ್ತದೆ. ಕಂಪನಿಯವರ ಕಡೆ ಇದಕ್ಕೆ ಮದ್ದು ಇದೆಯಾದರೂ ಅವರನ್ನು ಫೋನಿನಲ್ಲಿ ಒಪ್ಪಿಸುವಷ್ಟರಲ್ಲಿ ಸಂಜೆಯಾಗುತ್ತದೆ.

ಬಿಜಿಪಿಯಲ್ಲಿ ನೆರೆಯವರನ್ನು ಸೇರಿಸುವ ಮೊದಲೇ ಎರಡು ಫಿಲ್ಟರ್ ಬರೆಯಿರಿ. ಹೊರಗೆ ಹೋಗುವುದು ಆ ಊರಿನ /20 ಮಾತ್ರ. ಒಳಗೆ ಬರುವುದು 10.20.0.0/18ರ ಒಳಗಿನವು ಮಾತ್ರ. ಎಫ್‌ಆರ್‌ರೂಟಿಂಗ್‌ನಲ್ಲಿ ಫಿಲ್ಟರ್ ಇಲ್ಲದಿದ್ದರೆ ಹೊರಗಿನ ಬಿಜಿಪಿ ಏನನ್ನೂ ಕೊಡದು, ಏನನ್ನೂ ತೆಗೆದುಕೊಳ್ಳದು. ಬಹಳ ಜನ ಇದನ್ನು ಕೆಟ್ಟಿದೆ ಎಂದು ತಿಳಿದು ‘ಎಲ್ಲ ಬಿಡು’ ಎಂಬ ಫಿಲ್ಟರ್ ಹಾಕಿಬಿಡುತ್ತಾರೆ, ಅದಕ್ಕಿಂತ ಕೆಟ್ಟದ್ದಿಲ್ಲ.

ಫಿಲ್ಟರ್ ಇಲ್ಲದ ಬಿಜಿಪಿ ಏನು ಮಾಡಬಲ್ಲದು ಎಂಬುದಕ್ಕೆ 2008ರ ಫೆಬ್ರವರಿ 24 ಸಾಕ್ಷಿ. ದೇಶದೊಳಗೆ ಯೂಟ್ಯೂಬ್ ತಡೆಯಲು ಪಾಕಿಸ್ತಾನ್ ಟೆಲಿಕಾಂ 208.65.153.0/24 ಎಂಬ ರೂಟ್ ಹಾಕಿಕೊಂಡಿತ್ತು. ಅದು ಹೊರಗೆ ಸೋರಿತು, ಅದಕ್ಕೆ ಇಂಟರ್ನೆಟ್ ಕೊಡುವ ಮೇಲಿನ ಕಂಪನಿ ಪರೀಕ್ಷಿಸದೆ ಜಗತ್ತಿಗೆ ದಾಟಿಸಿತು. ಯೂಟ್ಯೂಬ್ ಸಾರುತ್ತಿದ್ದದ್ದು 208.65.152.0/22. ಮೊದಲು ಹೇಳಿದ ಉದ್ದದ ನಿಯಮದಂತೆ /24 ಗೆದ್ದು, ಸುಮಾರು ಎರಡು ಗಂಟೆ ಯೂಟ್ಯೂಬ್ ಹಲವು ದೇಶಗಳಿಂದ ಮಾಯವಾಯಿತು.

ಎಂಪಿಎಲ್‌ಎಸ್ ಬಿಜಿಪಿ ಜೊತೆಗೆ ಶಿರಾ–ಮಧುಗಿರಿ ನೇರ ಲೈನಿನ ಓಎಸ್‌ಪಿಎಫ್ ಕೂಡ ಉಳಿದರೆ, ಎರಡೂ ಕಡೆ ಒಂದರಿಂದ ಇನ್ನೊಂದಕ್ಕೆ ರೂಟ್ ಸುರಿಯುವಾಗ ಟ್ಯಾಗ್ ಹಾಕಿ. ಬಿಜಿಪಿಯಿಂದ ಓಎಸ್‌ಪಿಎಫ್‌ಗೆ ಬಂದ ಟ್ಯಾಗ್ ಇರುವುದನ್ನು ಮತ್ತೆ ಬಿಜಿಪಿಗೆ ಬಿಡಬೇಡಿ. ಇಲ್ಲದಿದ್ದರೆ ಒಬ್ಬರು ಹೇಳಿದ್ದು ಸುತ್ತು ಹೊಡೆದು ಅವರ ಕಿವಿಗೇ ಹೊಸ ಸುದ್ದಿಯಾಗಿ ಬರುತ್ತದೆ.

ಹಂತ 8: ಕಿತ್ತು ನೋಡಿ

ಸಂತೆ, ಹರಾಜು ಇಲ್ಲದ ದಿನ ನೋಡಿಕೊಂಡು, ಶಿರಾದಿಂದ ಸರ್ವರ್‌ಗೆ ನಿರಂತರ ಪಿಂಗ್ ಬಿಟ್ಟು, ಶಿರಾದ ರೂಟರ್‌ನಲ್ಲಿ ತುಮಕೂರಿನ ಲೈನಿನ ಕೇಬಲ್ ಕೀಳಿ. ಎಷ್ಟು ಪಿಂಗ್ ತಪ್ಪಿದವು ಎಣಿಸಿ. ಟ್ರೇಸ್‌ರೂಟ್‌ನಲ್ಲಿ ಮಧುಗಿರಿಯ ರೂಟರ್ ಕಾಣಬೇಕು. ಬಿಎಫ್‌ಡಿ ಇದ್ದರೂ ಈ ಪರೀಕ್ಷೆ ಅದನ್ನು ಪರೀಕ್ಷಿಸುವುದಿಲ್ಲ, ಪೋರ್ಟ್ ದೀಪವೇ ಆರಿತಲ್ಲ. ಜೆಸಿಬಿಯ ಪರೀಕ್ಷೆ ಬೇಕಾದರೆ ಕೇಬಲ್ ಹಾಗೇ ಇಟ್ಟು, ಆ ಪೋರ್ಟ್‌ನಲ್ಲಿ ಬರುವ ಎಲ್ಲವನ್ನೂ ಬೀಳಿಸುವ ಒಂದು ಫೈರ್‌ವಾಲ್ ನಿಯಮ ಹಾಕಿ. ಪ್ರತಿ ಪರೀಕ್ಷೆಯ ನಂತರ ಕೇಬಲ್ ವಾಪಸ್ ಹಾಕಿ ಅಥವಾ ನಿಯಮ ತೆಗೆದು, ಟ್ರಾಫಿಕ್ ಮೊದಲಿನ ದಾರಿಗೆ ಮರಳಿತೇ ಎಂದೂ ನೋಡಿ.

ಎಲ್ಲ ರೂಟರ್‌ಗಳ ಗಡಿಯಾರವನ್ನು ಎನ್‌ಟಿಪಿಗೆ ಜೋಡಿಸಿ, ಲಾಗ್‌ಗಳನ್ನು ತುಮಕೂರಿನ ಒಂದು ಕಂಪ್ಯೂಟರ್‌ಗೆ ಕಳಿಸಿ. ನಾಲ್ಕು ಊರಿನ ಗಡಿಯಾರ ನಾಲ್ಕು ಸಮಯ ತೋರಿಸಿದರೆ ಯಾವ ಲೈನ್ ಮೊದಲು ಬಿತ್ತು ಎಂಬುದು ಎಂದೂ ಗೊತ್ತಾಗದು. ಕಾನ್ಫಿಗರೇಷನ್ ಉಳಿಸಲು ‘ರೈಟ್ ಮೆಮೊರಿ’ ಕೊಟ್ಟ ಮೇಲೆ, ಒಂದೊಂದೇ ರೂಟರನ್ನು ಬೇಕೆಂದೇ ಆಫ್ ಮಾಡಿ ಆನ್ ಮಾಡಿ, ನೇಬರ್ ಪಟ್ಟಿಯನ್ನು ಮತ್ತೊಮ್ಮೆ ಹೋಲಿಸಿ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೂಡ ಕೈಕೊಟ್ಟಾಗ ಅದು ಹೇಗೂ ಒಮ್ಮೆ ಆಗಿಯೇ ಆಗುತ್ತದೆ, ಆಗ ನೀವು ಪಾವಗಡದಲ್ಲಿ ಮದುವೆ ಮನೆಯಲ್ಲಿರುತ್ತೀರಿ.